ಕರಡ ದರ್ಶನ ಗ್ಯಾರಂಟಿ

ವಾಟ್ಸಾಪಿಗೆ ಬಂದ ಮೆಸೇಜು ಹೀಗಿತ್ತು: ‘ಎರಡು ರಾತ್ರಿ ಹುಲ್ಲಿನ ಗುಡಿಸಲು, ಜವಾರಿ ಊಟ, ಜೀಪು ಸಮೇತ. ದರೋಜಿಯಲ್ಲಿ ಕರಡ ದರ್ಶನ ಗ್ಯಾರಂಟಿ.’

ಕರಡಿಯ ಗುಡಿಸು ಹಾರಿಹೋಗಿತ್ತು. ನನ್ನ ಹೆಂಡತಿ ಓದಿ, ‘ಕರಡ ನೋಡಾಕ ಒಂಬತ್ತು ಸಾವಿರ ಕೊಡಬೇಕೇನ್ರೀ? ಸರ್ವೀಸ್ ಇದ್ದಾಗ ಪುಕ್ಕಟ ನೋಡ್ತಿದ್ರಿ, ಮ್ಯಾಲೆ ಸರಕಾರದವ್ರು ಪಗಾರ ಬ್ಯಾರೆ ಕೊಡ್ತಿದ್ರು’ ಅಂದಳು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕರಡ ಅಂದರೆ ಗುಡ್ಡದಲ್ಲಿ, ಬೀಳಿನಲ್ಲಿ, ಹೊಲದ ಬದುವಿನಲ್ಲಿ ಯಾರೂ ಬಿತ್ತದೆ ಎದ್ದು, ಮಳೆ ಹೋದ ಮೇಲೆ ಒಣಗಿ ನಿಲ್ಲುವ ಹುಲ್ಲು. ಮಲೆನಾಡಿನವರೂ ಈ ಮಾತು ಬಲ್ಲರು, ಅವರದು ಬ್ಯಾಣದ, ಅಂದರೆ ಹುಲ್ಲುಗಾವಲಿನ, ಕರಡ. ಅದು ಒಂದೇ ಜಾತಿಯಲ್ಲ, ಹಲವು ಹುಲ್ಲು ಸೇರಿ ಕರಡ. ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಮಾತ್ರ ಅದರೊಳಗೆ ಒಂದು ಹುಲ್ಲು ಎದ್ದು ಕಾಣುತ್ತದೆ. ಸೊಂಟದೆತ್ತರ ಬರುತ್ತದೆ, ಒಣಗಿದರೆ ಕೆಂಪು ಮಿಶ್ರಿತ ಕಂದು. ತೆನೆಯ ತುದಿಯ ಕಪ್ಪು ಕೂದಲುಗಳು ಒಂದಕ್ಕೊಂದು ಹೊಸೆದುಕೊಂಡು ಹುರಿಯಾಗಿರುತ್ತವೆ. ಅದರ ನಡುವೆ ಒಂದು ಫರ್ಲಾಂಗು ನಡೆದರೆ ಕಾಲುಚೀಲ ಮುಳ್ಳುಹಂದಿ. ಸಸ್ಯಶಾಸ್ತ್ರದಲ್ಲಿ ಹೆಟೆರೋಪೋಗಾನ್ ಕಂಟಾರ್ಟಸ್. ಈ ಬರಹದಲ್ಲಿ ಕರಡ ಅಂದಾಗಲೆಲ್ಲ ಇದೇ ಒಂದು ಹುಲ್ಲು ಅಂತ ಇಟ್ಟುಕೊಳ್ಳಿ.

ನಾನು 34 ವರ್ಷ ಪಶುಸಂಗೋಪನೆ ಇಲಾಖೆಯಲ್ಲಿದ್ದೆ. ಇಲಾಖೆಯ ಪುಸ್ತಕದಲ್ಲಿ ಪಶುವೈದ್ಯಕೀಯ ಪರೀಕ್ಷಕ, ಊರವರ ಬಾಯಲ್ಲಿ ಡಾಕ್ಟ್ರು. ಕನಕಗಿರಿ, ಕೂಡ್ಲಿಗಿ, ಸಿರುಗುಪ್ಪ ಅಂತ ಸುತ್ತಿದವನಿಗೆ ಈ ಹುಲ್ಲಿನ ಜೊತೆ ಇದ್ದದ್ದು ಜಗಳವೇ. ಕರಡಿಯನ್ನು ಸರಿಯಾಗಿ ಕಂಡದ್ದು ಮಾತ್ರ ಕಮ್ಮಿ. ಹಾಗಾಗಿ ಬೆಂಗಳೂರಿನ ಮಗಳು, ಎಂಟು ವರ್ಷದ ಮೊಮ್ಮಗಳು ದೀಪಾವಳಿ ಕಳೆದು ಬಂದಾಗ ನಾಲ್ವರ ಹೆಸರಲ್ಲಿ ದುಡ್ಡು ಕಟ್ಟಿದೆ. ಹೋಮ್‌ಸ್ಟೇ ಕಮಲಾಪುರದ ಆಚೆ. ಹೆಸರು ಹಾಕುವುದಿಲ್ಲ. ಮಾಲೀಕರ ಜೊತೆ ಮಾತಾಡಿ ಮುಗಿಸಿದ್ದೇನೆ, ಮನುಷ್ಯ ಕೆಟ್ಟವನಲ್ಲ.

ಮೊದಲು ಗುಡಿಸಲು. ದೂರದಿಂದ ಬಹಳ ಚೆನ್ನ. ಹತ್ತಿರ ಹೋಗಿ ಸೂರಿನಿಂದ ಒಂದು ಎಳೆ ಹಿಡಿದು ಎಳೆದೆ, ಬರಲಿಲ್ಲ. ಮೂಸಿ ನೋಡಿದೆ, ಬಕೆಟ್ಟಿನ ವಾಸನೆ. ತಗಡಿನ ಮೇಲೆ ಪ್ಲಾಸ್ಟಿಕ್ ಹುಲ್ಲು ಹೊದಿಸಿದ್ದರು! ಸುತ್ತ ಕಣ್ಣು ಹಾಯಿಸಿದಷ್ಟೂ ನಿಜವಾದ ಹುಲ್ಲು ನಿಂತಿದೆ, ಸೂರಿಗೆ ಮಾತ್ರ ಅಂಗಡಿಯದು. ಕೇಳಿದರೆ ಮಾಲೀಕರು, ‘ನಿಜವಾದ್ದು ಹಾಕಿದ್ರ ಮೂರು ವರ್ಷಕ್ಕೊಮ್ಮೆ ಹೊದಿಸಬೇಕ್ರಿ, ಹೊದಿಸೋರು ಸಿಗಂಗಿಲ್ಲ, ಇಲಿ, ಹಾವು, ಬೆಂಕಿ ಭಯ ಬ್ಯಾರೆ’ ಅಂದರು. ಮೂರೂ ಒಪ್ಪುವ ಮಾತೇ. ಹಾಗಾದರೆ ‘ಹುಲ್ಲಿನ ಗುಡಿಸಲು’ ಅಂತ ಬರೆಯಬಾರದು. ಇದೇ ಹುಲ್ಲನ್ನು ಹವಾಯಿ ದ್ವೀಪದವರು ಪಿಲಿ ಅಂತ ಕರೆದು ಮನೆ ಹೊದಿಸಲು ಬಳಸುತ್ತಿದ್ದರು. ಅಷ್ಟು ದೂರದಲ್ಲಿ ನಡೆದದ್ದು ಇಲ್ಲಿ ಅಂಗಳದಲ್ಲೇ ಇದ್ದೂ ನಡೆಯಲಿಲ್ಲ.

ಊಟಕ್ಕೆ ಎರಡು ಮಾತಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಬೆಳಿಗ್ಗೆ ಒಗ್ಗರಣಿ ಮಿರ್ಚಿ. ರೊಟ್ಟಿ ಬಡಿಯುವ ಅಮ್ಮ ನನ್ನ ಹೆಂಡತಿಯ ತವರೂರಿನ ಪಕ್ಕದವರೆಂದು ತಿಳಿದ ಮೇಲೆ ನಮ್ಮ ತಟ್ಟೆಗೆ ಲೆಕ್ಕವೇ ಇರಲಿಲ್ಲ. ಇದಕ್ಕೆ ಐದಕ್ಕೆ ಐದು.

ಇನ್ನು ಜೀಪು. ದರೋಜಿ ಕರಡಿಧಾಮ ಹಂಪಿಯಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಅಲ್ಲಿ ಕರಡಿಕಲ್ಲು ಗುಡ್ಡದ ಎದುರು ವೀಕ್ಷಣಾ ಗೋಪುರವಿದೆ. ಅರಣ್ಯ ಇಲಾಖೆಯವರು ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲ, ಜೇನು ಕಲಸಿದ್ದನ್ನು ಸವರಿ ಬರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಗುಹೆಯಿಂದಲೋ ಪೊದೆಯಿಂದಲೋ ಇಳಿದು ಬಂದು ನೆಕ್ಕುತ್ತವೆ. ಸಂಜೆ ಆರಕ್ಕೆ ಜನ ಹೊರಗೆ. ಅಂದರೆ ಇಡೀ ಆಟ ಎರಡು ತಾಸಿನದು. ನಮ್ಮ ಜೀಪು ಮೂರಕ್ಕೆ ಬರಬೇಕಿದ್ದದ್ದು ನಾಲ್ಕೂಕಾಲಿಗೆ ಬಂತು. ಹುಡುಗನಿಗೆ ಹಂಪಿಯಲ್ಲಿ ಇನ್ನೊಂದು ಬಾಡಿಗೆ ಇತ್ತಂತೆ. ದಾರಿಯಲ್ಲಿ ಡೀಸೆಲ್ ಹಾಕಿಸಿದ, ಟಯರಿಗೆ ಗಾಳಿ ಹಿಡಿಸಿದ. ಗೋಪುರ ಹತ್ತಿದಾಗ ಐದೂಹತ್ತು. ಬಂಡೆ ನೆಕ್ಕಿ ನುಣ್ಣಗಾಗಿತ್ತು. ಎರಡು ನವಿಲು, ಒಂದು ಮುಂಗುಸಿ ಉಳಿದದ್ದಕ್ಕೆ ಬಾಯಿ ಹಾಕುತ್ತಿದ್ದವು.

‘ಈಗ ಬಂದು ಹೋದ್ವು, ಮೂರಿದ್ವು’ ಅಂದರು ಅಲ್ಲಿದ್ದ ಒಬ್ಬ ಫೋಟೋಗ್ರಾಫರು, ನಮಗೆ ಸಮಾಧಾನ ಹೇಳುವವರ ಹಾಗೆ.

ನಮ್ಮ ಹುಡುಗ ತಲೆ ಕೆರೆದುಕೊಂಡ. ‘ನಾಳೆ ಗ್ಯಾರಂಟಿ ಬರ್ತಾವ್ರಿ ಸರ.’

ಮೊಮ್ಮಗಳು ಹೇಳಿದಳು: ‘ಮೆಸೇಜಲ್ಲಿ ಕರಡ ಅಂತಾನೇ ಇತ್ತಲ್ಲ ಅಜ್ಜಾ. ಕರಡ ಬಂದಿದೆ.’ ಎದುರಿನ ಇಡೀ ಇಳಿಜಾರು ಸಂಜೆ ಬಿಸಿಲಿಗೆ ತಾಮ್ರದ ಬಣ್ಣಕ್ಕೆ ತಿರುಗಿ ಗಾಳಿಗೆ ಒಂದೇ ಕಡೆ ಬಾಗುತ್ತಿತ್ತು. ಗ್ಯಾರಂಟಿ ಅಕ್ಷರಶಃ ಈಡೇರಿದಂತಾಯಿತು. ಆ ಒಂದು ತಾಸು ನಾವು ನೋಡಿದ್ದು ಅದನ್ನೇ.

ಪ್ಯಾಕೇಜಿನವರು ಕೊಟ್ಟ ಬೈನಾಕ್ಯುಲರಿನ ಬಗ್ಗೆಯೂ ಹೇಳಬೇಕು. ಎಡಗಣ್ಣಿನ ಗಾಜಿನೊಳಗೆ ಬೂಸಲು ಹಿಡಿದಿತ್ತು. ನಿಮ್ಮದಿದ್ದರೆ ತಪ್ಪದೆ ತನ್ನಿ, ಗೋಪುರದಿಂದ ಬಂಡೆ ದೂರ.

ರಾತ್ರಿ ಊಟವಾದ ಮೇಲೆ ಮೊಮ್ಮಗಳ ಕಾಲುಚೀಲ ಬಿಡಿಸಲು ಕೂತೆ. ಜೀಪಿನಿಂದ ಇಳಿದು ರಸ್ತೆ ಬದಿ ಹುಲ್ಲಿನಲ್ಲಿ ಹತ್ತು ಹೆಜ್ಜೆ ಹೋಗಿದ್ದಳು, ಅಷ್ಟಕ್ಕೇ ನಲವತ್ತೋ ಐವತ್ತೋ ಬೀಜ. ಒಂದೊಂದೇ ಕೀಳುತ್ತಾ ಅವಳಿಗೆ ತೋರಿಸಿದೆ. ಬೀಜದ ಕೆಳತುದಿ ಸೂಜಿ. ಸೂಜಿಯ ಮೇಲೆ ಹಿಂದಕ್ಕೆ ಬಾಗಿದ ಕಂದು ರೋಮ, ಗಾಳದ ಹಾಗೆ, ಒಳಗೆ ಹೋದದ್ದು ವಾಪಸು ಬರದಂತೆ. ಮೇಲೆ ಎರಡು ಮೂರು ಅಂಗುಲದ ಕಪ್ಪು ಬಾಲ, ಅರ್ಧಕ್ಕೆ ಮೊಣಕಾಲಿನಂತೆ ಮಡಚಿದೆ, ಕೆಳಗಿನ ಅರ್ಧ ಹಗ್ಗದಂತೆ ಹುರಿಗೊಂಡಿದೆ.

ಅವಳಿಗೆ ಇದ್ಯಾವುದೂ ಅಷ್ಟು ರುಚಿಸಲಿಲ್ಲ. ಆಗ ಸ್ಟೀಲ್ ತಟ್ಟೆಯ ಮೇಲೆ ಒಂದು ಬೀಜ ಇಟ್ಟು, ಬೆರಳದ್ದಿ ಒಂದು ಹನಿ ನೀರು ಬಿಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆ ಮಡಚಿದ ಬಾಲ ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ತಿರುಗಲು ಶುರುಮಾಡಿತು. ಒಂದು ಸುತ್ತು, ಇನ್ನೊಂದು ಸುತ್ತು. ತಟ್ಟೆಯ ಅಂಚಿಗೆ ತಾಗಿ ನಿಂತಿತು, ಅಲ್ಲಿಂದ ಬೀಜವೇ ಉರುಳಿತು.

‘ಅಜ್ಜಾ, ಇದಕ್ಕೆ ಜೀವ ಇದೆ!’

ಇರುವುದು ಒದ್ದೆಯಾದರೆ ಬಿಚ್ಚಿಕೊಳ್ಳುವ, ಒಣಗಿದರೆ ಹುರಿಗೊಳ್ಳುವ ಗುಣ ಅಷ್ಟೇ. ರಾತ್ರಿಯ ಇಬ್ಬನಿಗೆ ಒಂದು ಕಡೆ ತಿರುಗುತ್ತೆ, ಹಗಲ ಬಿಸಿಲಿಗೆ ಇನ್ನೊಂದು ಕಡೆ. ಹೀಗೆ ತಿರುಗಿ ತಿರುಗಿ ಬೀಜ ತನ್ನಷ್ಟಕ್ಕೆ ತಾನೇ ನೆಲಕ್ಕೆ ಕೊರೆದುಕೊಂಡು ಇಳಿಯುತ್ತದೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಮೇಲೆಲ್ಲ ಬೂದಿಯಾದರೂ ಅದು ಮಣ್ಣೊಳಗೆ ತಣ್ಣಗೆ ಕೂತಿರುತ್ತದೆ. ಕಂಟಾರ್ಟಸ್ ಅಂದರೆ ತಿರುಚಿಕೊಂಡದ್ದು. ಹೆಟೆರೋಪೋಗಾನ್ ಅಂದರೆ ಬೇರೆ ಬೇರೆ ಬಗೆಯ ಗಡ್ಡವುಳ್ಳದ್ದು.

ಸರ್ವೀಸಿನಲ್ಲಿ ಇದೇ ಬೀಜವನ್ನು ನಾನು ಬೈದುಕೊಂಡು ಕಿತ್ತಿದ್ದೇನೆ. ಬಳ್ಳಾರಿ ಕುರಿಗೆ ಉಣ್ಣೆ ಜಾಸ್ತಿ, ಕಂಬಳಿಗೆ ಆಗುವ ಒರಟು ಉಣ್ಣೆ. ಅದಕ್ಕೆ ಸಿಕ್ಕಿಕೊಂಡ ಬೀಜ ಕುರಿಯ ಮೈಬಿಸಿ, ಬೆವರು, ಇಬ್ಬನಿಗೆ ತಿರುಗುತ್ತಾ ತೊಗಲೊಳಕ್ಕೆ ಹೋಗುತ್ತದೆ. ಬಾಯಲ್ಲಿ ಹುಣ್ಣು, ಕಣ್ಣಲ್ಲಿ ಕೀವು. ಒಮ್ಮೆ ಕನಕಗಿರಿ ಹತ್ತಿರ ಹಿರಿಯ ಕುರಿಗಾರರೊಬ್ಬರು ಹಟ್ಟಿಯ ಮುಂದೆ ಕುರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಚಿಮಟದಿಂದ ಬೀಜ ತೆಗೆಯುತ್ತಾ, ‘ಈ ಹುಲ್ಲು ಎಳೇದಿದ್ದಾಗ ತಾಯಿ ರೀ, ಬಲಿತ ಮ್ಯಾಲ ಮಲತಾಯಿ’ ಅಂದಿದ್ದರು. ನೂರಕ್ಕೆ ನೂರು ನಿಜ. ಜುಲೈ, ಆಗಸ್ಟಿನಲ್ಲಿ ಹೂ ಬರುವ ಮುಂಚೆ ಇದು ಒಳ್ಳೆ ಮೇವು. ತೆನೆ ಬಂತೋ, ದನ ಕೂಡ ಮೂತಿ ತಿರುಗಿಸುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕುರಿ ಸಾಕುವವರಿಗೂ ಇದೇ ಹುಲ್ಲು, ಇದೇ ರಗಳೆ. ಅವರು ಕರಿ ಈಟಿಹುಲ್ಲು ಅನ್ನುತ್ತಾರೆ.

ಇಷ್ಟಾದ ಮೇಲೆ ಮೊಮ್ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಎರಡು ಕಾಲಂ ಮಾಡಿದಳು. ಎಡಕ್ಕೆ ‘ಕರಡ’, ಬಲಕ್ಕೆ ‘ಕರಡಿ’. ‘ಎರಡಕ್ಕೂ ಹೋಲಿಸೋಣ’ ಅಂದಳು. ಮೊದಲ ಸಾಲು ‘ಗಡ್ಡ: ಇದೆ, ಇದೆ’. ಎರಡನೆಯದು ‘ಚುಚ್ಚುತ್ತದೆ: ಹೌದು, ಹೌದು’. ಮೂರನೆಯದು ‘ಬೆಲ್ಲ: ಬೇಡ, ಬೇಕು’. ಇಷ್ಟರಲ್ಲಿ ಅವಳಮ್ಮ ಬಂದು, ‘ಅಪಾಯದಲ್ಲಿದೆಯೇ ಅಂತ ಒಂದು ಸಾಲು ಹಾಕು, ಝೂನಲ್ಲಿ ಬೋರ್ಡಿನ ಮೇಲೆ ಬರೆದಿರುತ್ತಲ್ಲ’ ಅಂತ ಹೇಳಿ ಮಲಗಲು ಹೋದಳು. ಆ ಸಾಲು ತುಂಬಿಸುವ ಕೆಲಸ ನನಗೆ ಬಿತ್ತು.

ಬಲಗಡೆ ಸುಲಭ. ಕರಡಿಗೆ ಕಾಗದಪತ್ರ ಎಲ್ಲ ಸರಿಯಾಗಿದೆ. ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ 1990ರಿಂದ ‘ವಲ್ನರಬಲ್’, ಅಂದರೆ ಈಗಲೇ ಕೈಬಿಟ್ಟುಹೋಗಿಲ್ಲ, ಹೀಗೇ ಬಿಟ್ಟರೆ ಹೋಗುತ್ತದೆ ಅನ್ನುವ ಮೆಟ್ಟಿಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಒಂದನೇ ಅನುಸೂಚಿ, ಹುಲಿಯ ಪಂಕ್ತಿಯಲ್ಲೇ ಎಲೆ. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲೂ ಒಂದನೇ ಪಟ್ಟಿ. ಲೋಕದಲ್ಲಿ ಉಳಿದಿರುವುದು 20,000ಕ್ಕಿಂತ ಕಡಿಮೆ ಎಂಬ ಅಂದಾಜು, ಅದರಲ್ಲಿ ಬಹುಪಾಲು ನಮ್ಮ ದೇಶದಲ್ಲೇ. ನೇಪಾಳದಲ್ಲಿ, ಶ್ರೀಲಂಕಾದಲ್ಲಿ ಒಂದಿಷ್ಟು ಇವೆ. ಬಾಂಗ್ಲಾದೇಶದಲ್ಲಿ ಮುಗಿದೇ ಹೋದವು. ದರೋಜಿ ಧಾಮವನ್ನು 1994ರಲ್ಲಿ ಇದರ ಹೆಸರಲ್ಲೇ ಮಾಡಿದರು, ಆಗ ಸುಮಾರು 5,587 ಹೆಕ್ಟೇರು, ಆಮೇಲೆ ಬೆಳೆಸಿದರು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇನ್ನೊಂದು.

ಎಡಗಡೆಯ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ಆಫ್ರಿಕಾದಿಂದ ಪೆಸಿಫಿಕ್ ದ್ವೀಪಗಳವರೆಗೆ ಬೆಳೆಯುವ ಹುಲ್ಲು, ನಾಶವಾಗುತ್ತಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಕಾನೂನಿನ ರಕ್ಷಣೆ ಇದೆ ಅಂತ ಬರೆದರೂ ಸುಳ್ಳೇ. ವನ್ಯಜೀವಿ ಕಾಯ್ದೆಗೆ 1991ರಲ್ಲಿ ಸಸ್ಯಗಳನ್ನು ಸೇರಿಸಿದಾಗ ಪಟ್ಟಿಗೆ ಬಂದದ್ದು ಆರೇ ಆರು: ಬೆಡ್ಡೋಮನ ಸೈಕಸ್, ನೀಲಿ ವಾಂಡಾ, ಕೆಂಪು ವಾಂಡಾ, ಕುಠ, ಲೇಡೀಸ್ ಸ್ಲಿಪರ್ ಆರ್ಕಿಡ್, ಹೂಜಿಗಿಡ. ಹುಲ್ಲು ಅನ್ನುವ ಕುಲದವರಿಗೆ ಬಾಗಿಲೇ ತೆರೆಯಲಿಲ್ಲ. ನಮ್ಮ ಕಾನೂನಿಗೆ ಹುಲ್ಲಿನ ಲೆಕ್ಕ ಎಷ್ಟು ಗೊತ್ತು ಅನ್ನುವುದಕ್ಕೆ ಬಿದಿರೇ ಸಾಕ್ಷಿ. ಬಿದಿರೂ ಹುಲ್ಲೇ, ಆದರೆ ಭಾರತೀಯ ಅರಣ್ಯ ಕಾಯ್ದೆ ಅದನ್ನು 2017ರವರೆಗೆ ಮರ ಅಂತಲೇ ಎಣಿಸುತ್ತಿತ್ತು.

ಜಾತಿಯನ್ನು ಬಿಟ್ಟು ಜಾಗಕ್ಕೆ ಬಂದರೆ ಇನ್ನೂ ಕಷ್ಟ. ಹುಲ್ಲಿನ ಬಯಲು, ಕುರುಚಲು ಸರಕಾರಿ ನಕಾಶೆಯಲ್ಲಿ ಎಷ್ಟೋ ಕಡೆ ‘ಬಂಜರು’ ಅಂತ ದಾಖಲಾಗಿದೆ. ಅಮೃತಮಹಲ್ ದನಗಳಿಗೆ ಅಂತ ಮೈಸೂರು ಅರಸರ ಕಾಲದಿಂದ ಬಿಟ್ಟಿದ್ದ ಕಾವಲುಗಳ ಕಥೆ ನನ್ನ ಇಲಾಖೆಯ ಹಳಬರಿಗೆಲ್ಲ ಗೊತ್ತು. ಚಳ್ಳಕೆರೆ ಕಡೆಯ ಕಾವಲಿನಲ್ಲೇ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಕಾಂಪೌಂಡಿನೊಳಗೆ ಹೋಯಿತು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆ ಅಂತ 1974ರಲ್ಲಿ ಧಾಮ ಮಾಡಿದ ಜಾಗದಲ್ಲಿ ನೀಲಗಿರಿ ತೋಪು ಎದ್ದಿತು. ಅಲ್ಲಿ ಹಿಂದೆ ಕಾಣುತ್ತಿದ್ದ ಎರ್ಲಡ್ಡು ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಈಗ ಇಲ್ಲ. ನಾನು ಸಿರುಗುಪ್ಪದಲ್ಲಿದ್ದಾಗ ಆ ಹಕ್ಕಿಯನ್ನು ಒಂದೇ ಒಂದು ಸಲ ನೋಡಿದ್ದೆ, ಕುರಿ ಲಸಿಕೆಗೆ ಹೊರಟವನು ಮೋಟರ್‌ಸೈಕಲ್ ನಿಲ್ಲಿಸಿ. ಮನುಷ್ಯರ ಹಾಗೆ ತಲೆಯೆತ್ತಿ ಹುಲ್ಲಿನೊಳಗೆ ನಡೆದು ಹೋಯಿತು.

ಹೀಗೆಲ್ಲ ಎಂಟು ವರ್ಷದವಳ ಕಾಲಮ್ಮಿನಲ್ಲಿ ಹಿಡಿಸುವುದಿಲ್ಲ. ‘ಹುಲ್ಲಿಗೆ ಅಪಾಯ ಇಲ್ಲ, ಹುಲ್ಲುಗಾವಲಿಗೆ ಇದೆ’ ಅಂತ ಹೇಳಿದೆ. ‘ಅದು ಹೇಗೆ?’ ಅಂದಳು. ‘ನಿಮ್ಮ ಬೆಂಗಳೂರಲ್ಲಿ ನೀರಿದೆ, ಕೆರೆ ಎಲ್ಲಿದೆ?’ ಅಂದೆ. ಬರೆದುಕೊಂಡಳೋ ಇಲ್ಲವೋ ಗೊತ್ತಿಲ್ಲ, ನಿದ್ದೆ ಬಂದಿತ್ತು.

ಎರಡನೇ ದಿನ ಬೆಳಿಗ್ಗೆ ಮಾಲೀಕರಿಗೆ ನೇರವಾಗಿ ಹೇಳಿದೆ: ‘ಜೀಪು ಎರಡೂವರೆಗೆ ಇಲ್ಲಿರಲಿಲ್ಲ ಅಂದ್ರ ಮೂರನೇ ರಾತ್ರಿ ನಿಮ್ಮ ಖರ್ಚಿನಾಗ.’ ಎರಡೂಇಪ್ಪತ್ತಕ್ಕೇ ಹಾರ್ನ್ ಕೇಳಿತು. ಹುಡುಗ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದ. ಅವನ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಹೋಯಿತು. ದಾರಿಯಲ್ಲಿ ಜಾನೆ, ಉಲುಪಿ, ಕಾರೆ, ಬಿಕ್ಕೆ ಅಂತ ಪೊದೆಗಳ ಹೆಸರು ಹೇಳುತ್ತಾ ಬಂದ. ಯಾವ ಹಣ್ಣು ಯಾವ ತಿಂಗಳು, ಯಾವುದನ್ನು ಕರಡಿ ಮೊದಲು ಹುಡುಕುತ್ತೆ ಎಲ್ಲ ಬಾಯಿಪಾಠ. ಕಾಡು ತಿಳಿದವನು. ಅವನಿಗೆ ಬೇಕಿರುವುದು ಒಂದು ಗಡಿಯಾರ ಅಷ್ಟೇ.

ನಾಲ್ಕೂಮುಕ್ಕಾಲಿಗೆ ಬಂಡೆಯ ಎಡಸಂದಿಯಲ್ಲಿ ಒಂದು ಕಪ್ಪು ಮಚ್ಚೆ ಅಲ್ಲಾಡಿತು. ಬರಿಗಣ್ಣಿಗೆ ಹುಣಸೆಬೀಜದಷ್ಟು. ಫೋಟೋಗ್ರಾಫರು ಅವತ್ತೂ ಬಂದಿದ್ದರು, ಪುಣ್ಯಾತ್ಮರು ತಮ್ಮ ದೊಡ್ಡ ಲೆನ್ಸಿನಲ್ಲಿ ಮೊಮ್ಮಗಳಿಗೆ ನೋಡಲು ಬಿಟ್ಟರು, ಆಮೇಲೆ ನನಗೂ.

ತಾಯಿ, ಜೊತೆಗೆ ಎರಡು ಮರಿ. ಕೆದರಿದ ತಲೆ, ಎದೆಯ ಮೇಲೆ ಕೆನೆಬಣ್ಣದ ‘ವಿ’ ಆಕಾರದ ಪಟ್ಟಿ, ಮಾಸಲು ಮೂತಿ. ಪಾದ ಒಳಕ್ಕೆ ತಿರುಗಿಸಿಕೊಂಡು, ಚಪ್ಪಲಿ ಸವೆದ ಮುದುಕರ ಹಾಗೆ ನಡಿಗೆ. ಬಂಡೆಗೆ ಮೂತಿ ಹಚ್ಚಿದ್ದೇ ತಡ ಇಡೀ ತುಟಿ ಮುಂದಕ್ಕೆ ಬಂದು ಕೊಳವೆಯಾಯಿತು. ಈ ಪ್ರಾಣಿಗೆ ಮೇಲಿನ ಮುಂದಿನ ಎರಡು ಹಲ್ಲು ಹುಟ್ಟಾ ಇರುವುದಿಲ್ಲ. ಆ ಸಂದಿಯೇ ಅದರ ಪಂಪು. ಗೆದ್ದಲು ಹುತ್ತವನ್ನು ಉಗುರಿನಿಂದ ಸಿಗಿದು, ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲನ್ನು ಸೊರ್ ಅಂತ ಎಳೆದುಕೊಳ್ಳುತ್ತದೆ. ಆ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಗೋಪುರಕ್ಕೆ ಕೇಳಲಿಲ್ಲ, ಬೆಲ್ಲ ನೆಕ್ಕಲು ಅಷ್ಟು ಸದ್ದು ಬೇಡವೇನೋ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಲಾತ್ ಬೇರ್ ಅನ್ನುವ ಹೆಸರು ಬಂದದ್ದೂ ಹಲ್ಲು, ಉಗುರು ನೋಡಿ ಮೋಸಹೋಗಿ. 1791ರಲ್ಲಿ ಜಾರ್ಜ್ ಶಾ ಎಂಬ ಪಂಡಿತ ಇದನ್ನು ದಕ್ಷಿಣ ಅಮೆರಿಕದ ಸ್ಲಾತ್ ಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟ. ನಮ್ಮ ಮೆಸೇಜಿನಲ್ಲಿ ಒಂದು ಗುಡಿಸು ಹೋಗಿತ್ತು, ಆತನ ಕೈಯಲ್ಲಿ ಇಡೀ ಕುಲವೇ ಹೋಗಿತ್ತು.

ಮರಿಗಳು ಹತ್ತು ಹನ್ನೊಂದು ತಿಂಗಳವಿರಬೇಕು, ಬೆನ್ನೇರುವ ವಯಸ್ಸು ದಾಟಿದವು. ಒಂದಕ್ಕೆ ಅದು ಗೊತ್ತಾಗಿಲ್ಲ. ತಾಯಿ ನೆಕ್ಕುತ್ತಿದ್ದಾಗ ಹಿಂದಿನಿಂದ ಕೂದಲು ಹಿಡಿದು ಬೆನ್ನಿಗೆ ಹತ್ತಿತು. ತಾಯಿ ಒಮ್ಮೆ ಮೈ ಕೊಡವಿತು, ಮರಿ ಬಂಡೆಯ ಇಳಿಜಾರಿನಲ್ಲಿ ಜಾರಿ ನೇರವಾಗಿ ಕರಡದ ಪೊದೆಯೊಳಗೆ ಬಿತ್ತು. ಹುಲ್ಲು ಮುಚ್ಚಿಕೊಂಡಿತು. ಒಂದೆರಡು ಕ್ಷಣ ಮರಿಯೇ ಇಲ್ಲ, ಹುಲ್ಲಿನ ತುದಿ ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಮೂತಿ ಹೊರಬಂತು. ಮೈಮೇಲೆಲ್ಲ ಬೀಜ ಅಂಟಿರಬೇಕು, ಕೂತು ಹಿಂಗಾಲಿನಿಂದ ಪರಪರ ಕೆರೆದುಕೊಂಡಿತು. ‘ಅದಕ್ಕೂ ಕಾಲುಚೀಲ ಬಿಡಿಸೋಕೆ ಅಜ್ಜ ಬೇಕು’ ಅಂದಳು ಮೊಮ್ಮಗಳು, ಪಿಸುಮಾತಿನಲ್ಲಿ. ಗೋಪುರದಲ್ಲಿದ್ದವರೆಲ್ಲ ನಕ್ಕರು.

ಇಪ್ಪತ್ತು ನಿಮಿಷ ನೋಡಿದೆವು. ಬೆಲ್ಲ ಸವರಿ ಕರೆಸಿಕೊಳ್ಳುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ ಅನ್ನುವುದನ್ನೂ ಬರೆದುಬಿಡುತ್ತೇನೆ. ಗೆದ್ದಲು, ಕಾಡುಹಣ್ಣು ಹುಡುಕಿ ತಿನ್ನಬೇಕಾದ ಪ್ರಾಣಿ ಗಂಟೆ ಹೊಡೆದ ಹಾಗೆ ಬರುವುದು ದನದ ಡಾಕ್ಟ್ರಾಗಿದ್ದವನಿಗೆ ಹಿಡಿಸುವುದಿಲ್ಲ. ಆದರೆ ನನ್ನ ಚಿಕ್ಕಂದಿನ ಕರಡಿ ನೆನೆಸಿಕೊಂಡರೆ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ಮೂಗಿಗೆ ಹಗ್ಗ ಪೋಣಿಸಿ ಊರೂರು ತಿರುಗಿಸುತ್ತಿದ್ದರು. ಹೆದರುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ನನ್ನನ್ನೂ ಕೂರಿಸಿದ್ದರು, ಹೆದರಿಕೆ ಇನ್ನೂ ಜಾಸ್ತಿಯಾಯಿತು. ಅದರ ಕೂದಲು ಕಿತ್ತು ತಾಯತಕ್ಕೆ ಮಾರುತ್ತಿದ್ದರು. ಆ ಆಟ ಕಾನೂನಿನ ಪ್ರಕಾರ ನಿಂತು ಎಷ್ಟೋ ವರ್ಷವಾದರೂ ಬೀದಿಯಲ್ಲಿ ನಿಲ್ಲಲು 2009ರವರೆಗೆ ಕಾಯಬೇಕಾಯಿತು. ಹಾಗೆ ಬಿಡಿಸಿಕೊಂಡು ಬಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ಸಿಕ್ಕಿದೆ, ಮಗಳು ನೋಡಿ ಬಂದಿದ್ದಾಳೆ.

ಇನ್ನೊಂದು ಕಡೆಯೂ ಇದೆ. ವಾಪಸು ಬರುವಾಗ ಜೀಪಿನ ಹುಡುಗ ತನ್ನ ದೊಡ್ಡಪ್ಪನ ಮಾತೆತ್ತಿದ. ಬೆಳಗಿನ ಜಾವ ಶೇಂಗಾ ಹೊಲಕ್ಕೆ ನೀರು ಕಟ್ಟಲು ಹೋದಾಗ ಕರಡಿ ಎದುರಾಗಿ, ಮುಖಕ್ಕೇ ಕೈ ಹಾಕಿತ್ತು. ಒಂದು ಕಣ್ಣು ಹೋಯಿತು. ‘ಅದಕ್ಕೆ ದೂರದ್ದು ಕಾಣಂಗಿಲ್ರಿ. ಹತ್ರ ಬಂದ ಮ್ಯಾಲ ಅದೂ ಅಂಜ್ತೈತಿ, ನಾವೂ ಅಂಜ್ತೀವಿ.’ ‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಅಂತ ನಾವು ಊರಲ್ಲಿ ಕೂತು ನಗುತ್ತಾ ಹೇಳುವ ಗಾದೆಯನ್ನು ಆ ಜೀಪಿನಲ್ಲಿ ಹೇಳುವ ಹಾಗಿರಲಿಲ್ಲ. ಬೆಟ್ಟ ಒಡೆದು ಕಲ್ಲು, ಅದಿರು ತೆಗೆದರೆ ಗುಹೆ ಕಳೆದುಕೊಂಡದ್ದು ಹೊಲಕ್ಕೇ ಇಳಿಯಬೇಕು, ಬೇರೆ ಎಲ್ಲಿಗೆ ಹೋಗುತ್ತೆ? ದೊಡ್ಡಪ್ಪ ಈಗ ಹೊಲಕ್ಕೆ ಹೋಗುವಾಗ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಹೋಗುತ್ತಾರಂತೆ.

ಸರಿ, ಅಂಕಗಳು. ಊಟಕ್ಕೆ ಆಗಲೇ ಕೊಟ್ಟಿದ್ದೇನೆ. ಹುಡುಗನಿಗೆ ಕಾಡಿನ ಲೆಕ್ಕದಲ್ಲಿ ನಾಲ್ಕೂವರೆ, ಗಡಿಯಾರದ ಲೆಕ್ಕದಲ್ಲಿ ಒಂದು. ಬೈನಾಕ್ಯುಲರಿಗೆ ಸೊನ್ನೆ. ಗುಡಿಸಲಿಗೆ ಎರಡು, ಅದೂ ಫ್ಯಾನು ಚೆನ್ನಾಗಿ ತಿರುಗಿತು ಅನ್ನುವುದಕ್ಕೆ. ಕರಡಿಗೆ ಅಂಕ ಕೊಡಲು ನಾವ್ಯಾರು. ಕರಡಕ್ಕೆ ಐದು, ಏಕೆಂದರೆ ಎ‌ರಡೂ ದಿನ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇದ್ದದ್ದು ಅದೊಂದೇ. ಹೋಗುವವರು ಮಧ್ಯಾಹ್ನ ಮೂರೂವರೆಯೊಳಗೆ ಗೋಪುರದ ಮೇಲಿರಿ, ಧಾಮದ ಟಿಕೆಟ್ಟು ಪ್ಯಾಕೇಜಿನಲ್ಲಿ ಸೇರಿಲ್ಲ, ನೀರು ಒಯ್ಯಿರಿ. ನವೆಂಬರ್, ಡಿಸೆಂಬರಿನಲ್ಲಿ ಉಣ್ಣೆಯ ಕಾಲುಚೀಲ ಮಾತ್ರ ಬೇಡ. ನಾಯಿ ಸಾಕಿದವರು ಅದನ್ನು ಹುಲ್ಲಿಗೆ ಬಿಡಬೇಡಿ, ಕಿವಿಯೊಳಗೆ ಬೀಜ ಹೋದರೆ ತೆಗೆಸಲು ಮತ್ತೆ ನಮ್ಮ ಇಲಾಖೆಗೇ ಬರಬೇಕಾಗುತ್ತದೆ.

ಹೊರಡುವಾಗ ಮಾಲೀಕರಿಗೆ ಪ್ಲಾಸ್ಟಿಕ್ ಸೂರು, ಜೀಪಿನ ಸಮಯ, ಗುಡಿಸು ಮೂರನ್ನೂ ಹೇಳಿದೆ. ಸೂರಿಗೆ ನಕ್ಕರು, ಜೀಪಿಗೆ ತಲೆಯಾಡಿಸಿದರು, ಗುಡಿಸಿಗೆ ಅಲ್ಲೇ ಫೋನ್ ತೆಗೆದು ತಿದ್ದಲು ಕೂತರು. ಮೊನ್ನೆ ಹೊಸ ಮೆಸೇಜು ಬಂದಿದೆ. ‘ಕರಡಿ’ ಈಗ ಸರಿಯಾಗಿದೆ. ಪಕ್ಕದಲ್ಲಿ ‘ದರ್ಶನ ಗ್ಯಾರಂಟ’ ಅಂತಿದೆ.